ಎರಡನೆಯ ಗೀಟು

ನಾಲ್ಕನೆಯ ರೊಟ್ಟಿಯೂ ಅಂಚಿನಲ್ಲಿ ಸೀಳಿತು, ಹಿಟ್ಟಿಗೆ ನೀರು ಸಾಲದು ಅಥವಾ ಕೈಗೆ ಮನಸ್ಸು ಸಾಲದು, ಪೂರ್ಣಿಮಾ ಸೀಳನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸಿ ಮತ್ತೆ ತಟ್ಟತೊಡಗಿದಳು, ಕಟ್ಟೆಯ ಆ ತುದಿಯಲ್ಲಿ, ಹಿಟ್ಟು ಹಾರದಷ್ಟು ದೂರದಲ್ಲಿ ಇಟ್ಟ ಲ್ಯಾಪ್‌ಟಾಪಿನ ಪರದೆಯ ಮೇಲೆ ಸಾಲುಗಳು ಓಡುತ್ತಿವೆ, ಶೇಕಡಾ ಅರವತ್ತೆರಡು, ಅರವತ್ತಮೂರು, ಭಾನುವಾರವಾದರೂ ಅದಕ್ಕೆ ರಜೆಯಿಲ್ಲ, ತನಗೂ ಇಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಯನ್ನು ಈ ತಿಂಗಳ ಕೊನೆಗೆ ಸರ್ವರಿನಿಂದ ಕಿತ್ತುಹಾಕುತ್ತಾರೆ, ಅಷ್ಟರೊಳಗೆ ಉದ್ಯಮಬಾಗದ ಫೌಂಡ್ರಿಯ ಪೈಪ್‌ಲೈನನ್ನು ಪೂರ್ತಿ ಹೊಸದಕ್ಕೆ ಸಾಗಿಸಬೇಕು — ಪೈಪ್‌ಲೈನ್ ಎಂದರೆ ಅತ್ತೆ ಬಾಳವ್ವ ಇವತ್ತಿಗೂ ನೀರಿನದೇ ಅಂದುಕೊಂಡಿದ್ದಾಳೆ, ನಮ್ಮ ಸೊಸಿ ಕಾರಖಾನ್ಯಾಗ ನಳಾ ನೋಡತಾಳ ಎಂದು ಹಿಂದವಾಡಿಯ ಓಣಿಗೆಲ್ಲ ಹೇಳಿದ್ದಾಳೆ, ಪೂರ್ತಿ ಸುಳ್ಳೂ ಅಲ್ಲ ಅದು, ಒಂದೊಂದು ಕುಲುಮೆಯಲ್ಲಿ ಎಷ್ಟು ಎರಕ ಹೊಯ್ದರು ಎಷ್ಟು ಕೆಟ್ಟವು ಎಂಬುದು ಒಂದು ತುದಿಯಿಂದ ಒಳಗೆ ಬಂದು, ಕೂಡಿಸಿ ಭಾಗಿಸಿಕೊಂಡು, ಬೆಳಿಗ್ಗೆ ಒಂಬತ್ತಕ್ಕೆ ಮ್ಯಾನೇಜರ್ ಶಶಿಧರನ ಮುಂದೆ ವರದಿಯಾಗಿ ಬೀಳುತ್ತದೆ, ಹನ್ನೊಂದು ವರ್ಷದ ಕೆಳಗೆ ಅದನ್ನು ಬರೆದವಳು ಅವಳೇ, ಎಲ್ಲ ಸರಿಯಿದ್ದಾಗ ಶಶಿಧರ ಅದನ್ನು ನಮ್ಮ ಸಿಸ್ಟಿಮ್ ಅನ್ನುತ್ತಾನೆ, ಏನಾದರೂ ಕೆಟ್ಟಿತೋ, ಮೇಡಮ್ಮಾರ ಸಿಸ್ಟಿಮ್. ಹೊರಗಿನ ಕೋಣೆಯಿಂದ ಗಂಡ ಗುರುಪುತ್ರಪ್ಪನ ದನಿ, ಏನ, ಇನ್ನೂ ಎಷ್ಟೊತ್ತ, ಅವನ ಕೈಯಲ್ಲಿ ಪೇಪರಿದೆ, ಪೇಪರು ಮುಗಿಯುವ ಹೊತ್ತಿಗೆ ತಾಟು ಬರಬೇಕು, ಆತ್ರಿ, ಬಂದೆ, ಅನ್ನುತ್ತದೆ ಅವಳ ಬಾಯಿ, ಇಪ್ಪತ್ತೆರಡು ವರ್ಷದಿಂದ ತಾನಾಗಿಯೇ ಅನ್ನುತ್ತದೆ, ಅದರ ಆವೃತ್ತಿ ಮಾತ್ರ ಬದಲಾಗಿಲ್ಲ.

ಹಳೆಯದರಲ್ಲೂ ಹೊಸದರಲ್ಲೂ ಒಂದೇ ಲೆಕ್ಕ ಓಡಿಸಿ ಎರಡರ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಈ ಕೆಲಸದ ರೀತಿಯೇ ಹಾಗೆ, ಶುಕ್ರವಾರ ಹೋದ ತಿಂಗಳ ಲೆಕ್ಕ ಇಟ್ಟು ನೋಡಿದಾಗ ಒಂದೊಂದು ಅಂಕಿಯ ಫರಕು ಬಂತು, ಮೊದಲು ಹೊಸದರದ್ದೇ ತಪ್ಪು ಅಂದುಕೊಂಡಳು, ಆಮೇಲೆ ತಾನು ಬರೆದ ಹಳೆಯ ಸಾಲನ್ನು ತೆರೆದು ನೋಡಿದಳು — ಹಳೆಯದಕ್ಕೆ ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸು ಎಂದರೆ ಉಳಿದ ಚೂರನ್ನು ಬಿಸಾಕುವುದು ಅದರ ಪದ್ಧತಿ, ತೊಂಬತ್ತನಾಲ್ಕು ಮುಕ್ಕಾಲು ಬಂದರೂ ಅದು ಕೊಡುವುದು ತೊಂಬತ್ತನಾಲ್ಕೇ, ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಆ ಒಂದು ಸಾಲಿನಲ್ಲಿ ಮರೆತಿದ್ದಳು, ಅರ್ಧಕ್ಕಿಂತ ಹೆಚ್ಚಿದ್ದರೆ ಪೂರ್ತಿ ಒಂದು ಎಂದು ಹಿಡಿಯಬೇಕು ಎಂಬ ಕಂಪನಿಯ ನಿಯಮವನ್ನು ಅದರ ಕೆಳಗಿನ ಸಾಲಿನಲ್ಲಿ ಎಷ್ಟು ಚಂದ ಬರೆದಿದ್ದಳು, ಆದರೆ ಹಿಡಿಯಲು ಅಲ್ಲಿ ಚೂರು ಉಳಿದಿದ್ದರೆ ತಾನೆ. ಹೋಗಿ ಹೇಳಿದಾಗ ಶಶಿಧರ ಕುರ್ಚಿಯಿಂದ ಏಳದೆ ಕೇಳಿಸಿಕೊಂಡ, ನಕ್ಕ, ಮೇಡಮ್ಮಾರ, ಸೋಮವಾರ ಆಡಿಟನವರು ಬರತಾರ, ನೀವು ಈಗ ಹನ್ನೊಂದ ವರ್ಷದ ಹೆಣಾ ತಗದ ತೋರಸ್ತೀರೇನ, ಸೊನ್ನಿ ಫರಕ ಬರಬೇಕ್ರಿ, ಹಳೇದ ಏನ ಹೇಳಿತ್ತೋ ಹೊಸಾದೂ ಅದನ್ನ ಹೇಳಬೇಕ, ಇನ್ನೊಂದ ಗೀಟ ಹಾಕ್ರಿ, ಮುಗೀತ. ಅವನಿಗೆ ಅಷ್ಟು ಗೊತ್ತು. ಹೊಸದರಲ್ಲಿ ಒಂದು ಓರೆಗೀಟು ಎಂದರೆ ನಿಜವಾದ ಭಾಗಾಕಾರ, ಎರಡು ಎಂದರೆ ಹಳೆಯದರ ಹಾಗೆ ಚೂರನ್ನು ಕತ್ತರಿಸಿ ಎಸೆಯುವುದು, ಒಂದು ಗೀಟು, ಒಂದು ಬೆರಳಿನ ಕೆಲಸ, ಆಯ್ತು ಸರ್ ಎಂದು ಬಂದಳು, ಬಂದವಳು ಗೀಟು ಹಾಕದೆ, ಮೂರು ವರ್ಷದ ಹಿಂದಿನ ಮಾರ್ಚಿನಿಂದ ಲೆಕ್ಕ ಓಡಿಸಿದಳು, ಮಾರ್ಚಿನಿಂದಲೇ ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ, ಅದೇ ಓಡುತ್ತಿದೆ ಈಗ, ಶೇಕಡಾ ಎಂಬತ್ತೊಂದು. ಸೊಸೀ, ರೊಟ್ಟಿ ಹೊತ್ತತೈತಿ ನೋಡ, ಬಾಳವ್ವ ಬಾಗಿಲಲ್ಲಿ, ಪೂರ್ಣಿಮಾ ರೊಟ್ಟಿ ತಿರುವುತ್ತಾಳೆ, ಮೇಲೆ ಕರಿ ಚುಕ್ಕೆ, ಶೆಲ್ಫಿನ ಮೇಲಿನ ಅಗಸಿ ಚಟ್ನಿಯ ಡಬ್ಬಿಯನ್ನು ನೋಡಬಾರದು ಅಂದುಕೊಳ್ಳುತ್ತಾಳೆ, ನೋಡುತ್ತಾಳೆ, ಮುಚ್ಚಳ ಕಳೆದುಹೋದ ಡಬ್ಬಿಯ ಬಾಯಿಗೆ ಬಾಳವ್ವ ಮುಚ್ಚಿಟ್ಟಿರುವ ನೀಲಿ ಗಾಜು, ಅಂಗೈಯಗಲ, ಸುತ್ತ ಮರದ ಚೌಕಟ್ಟು, ಒಂದು ಮೂಲೆ ಸುಟ್ಟಿದೆ.

ಅದು ಭರಮಪ್ಪನದು. ಇಪ್ಪತ್ತೆರಡು ವರ್ಷ ಎರಡನೇ ಕುಲುಮೆಯ ಮುಂದೆ ನಿಂತು ಆ ಗಾಜು ಕಣ್ಣಿಗಿಟ್ಟು ಕರಗಿದ ಕಬ್ಬಿಣ ನೋಡಿದವನು, ಅವನು ಹೊಯ್ರಿ ಅಂದರೆ ಉಳಿದವರು ಹೊಯ್ಯಬೇಕು, ತಡೀರಿ ಅಂದರೆ ತಡೆಯಬೇಕು, ನೂರಕ್ಕೆ ತೊಂಬತ್ತೈದು ಎರಕ ಚೆನ್ನಾಗಿ ಬರಲೇಬೇಕು, ಮೂರು ತಿಂಗಳು ಬರದಿದ್ದರೆ ಕುಲುಮೆಯಿಂದ ಇಳಿಸಬೇಕು ಎಂದು ಶಶಿಧರ ಬೋರ್ಡಿಗೆ ಹಚ್ಚಿದ ವರ್ಷ ಎಲ್ಲಕ್ಕಿಂತ ಹಳೆಯ ಕುಲುಮೆ ಅವನದಿತ್ತು. ಮಾರ್ಚ್, ನೂರಕ್ಕೆ ತೊಂಬತ್ತನಾಲ್ಕು, ಏಪ್ರಿಲ್ ತೊಂಬತ್ತನಾಲ್ಕು, ಮೇ ತೊಂಬತ್ತನಾಲ್ಕು. ಕಂಬದ ಮೇಲೆ ಸೀಮೆಸುಣ್ಣದ ಖಡುವಿನಿಂದ ಗೀಟು ಹಾಕಿ ಎಣಿಸಿದ್ದವನು ಅವಳ ಮೇಜಿನ ತನಕ ಬಂದ, ಕೈ ಒರೆಸಿಕೊಂಡು ನಿಂತ, ಅಕ್ಕಾರ, ನನ್ನ ಲೆಕ್ಕದಾಗ ತೊಂಬತ್ತೈದ ಬರತೈತ್ರಿ, ನಾಕ ಸಾವಿರದಾಗ ಇನ್ನೂರಾ ಹತ್ತ ಕೆಟ್ಟಾವು, ನೀವ ಒಮ್ಮಿ ನೋಡ್ರೆಲಾ — ನೋಡಬಹುದಿತ್ತು, ಪೆನ್ನು ಕಾಗದದ ಕೆಲಸ, ಎರಡು ನಿಮಿಷ, ಆದರೆ ಸುತ್ತ ನಾಲ್ಕು ಜನ ನೋಡುತ್ತಿದ್ದರು, ಆ ದಿನ ತಾನು ಹೊಸ ಸೀರೆ ಉಟ್ಟಿದ್ದಳು, ತನ್ನ ಸಿಸ್ಟಿಮ್ ಅಂತ ಹೆಮ್ಮೆಯಿತ್ತು, ನಗುತ್ತ ಅಂದಳು, ಭರಮಪ್ಪಾರ, ಕಂಪ್ಯೂಟರಿಗೆ ನಿಮ್ಮ ಮ್ಯಾಲೇನ ಸಿಟ್ಟೈತೇನ್ರಿ. ಎಲ್ಲರೂ ನಕ್ಕರು. ಅವನೂ ನಕ್ಕ, ಮರ್ಯಾದೆಗೆ ನಕ್ಕ. ಅಂಗಳದಲ್ಲಿ ಮರಳು ಗುಡಿಸುವ ಕೆಲಸಕ್ಕೆ ಹಾಕಿದರು, ಎರಡು ದಿನ ಗುಡಿಸಿದ, ಮೂರನೆಯ ದಿನ ಬಂದು ಗಾಜನ್ನು ಅವಳ ಮೇಜಿನ ಮೇಲಿಟ್ಟ, ಹೋದ, ಅವಳ ಚೀಲದಲ್ಲಿ ಅದು ಮನೆಗೆ ಬಂತು. ಹೋದ ತಿಂಗಳು ಖಾನಾಪುರದಲ್ಲಿ ಲಗ್ನದ ಪಂಕ್ತಿಯಲ್ಲಿ ಅವನ ಹೆಂಡತಿ ಸತ್ಯವ್ವ ಸಿಕ್ಕಳು, ಬಾಜು ಕೂತು ಅನ್ನ ಕಲಸುತ್ತ, ಇಲ್ಲೇ ಹಂಚಿನ ಭಟ್ಟಿಗೆ ಹೋಗತಾರ್ರಿ ಈಗ, ಕಣ್ಣಾಗಿನ ನೀರ ನಿಲ್ಲಂಗಿಲ್ರಿ, ಗಾಜ ಹಿಡಕೊಂಡ ಬೆಂಕಿ ನೋಡ್ರಿ ಅಂದ್ರ, ಅದನ್ನ ಅಕ್ಕಾರಿಗೆ ಕೊಟ್ಟ ಬಂದೇನಿ ಅಂತಾರ, ಅವರಿಗೆ ಬೇಕಾಕ್ಕೈತಿ ಅಂತ, ಖರೇನ್ರಿ ಅಕ್ಕಾರ, ನಿಮಗೇನ ಬೇಕಿತ್ತರಿ ಅದು.

ಶೇಕಡಾ ನೂರು. ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡು ಹೋಗಿ ನೋಡಿದಳು, ಉಳಿದ ಕುಲುಮೆಗಳಲ್ಲಿ ತೊಂಬತ್ತಾರು ತೊಂಬತ್ತೇಳಾಗಿದೆ, ಯಾರಿಗೂ ಏನೂ ಆಗುತ್ತಿರಲಿಲ್ಲ, ಗೆರೆಯ ಮೇಲೆ ನಿಂತವನು ಅವನೊಬ್ಬನೇ, ಎರಡನೇ ಕುಲುಮೆ, ಮಾರ್ಚ್, ಹಳೆಯದು ತೊಂಬತ್ತನಾಲ್ಕು, ಹೊಸದು ತೊಂಬತ್ತೈದು. ಏಪ್ರಿಲ್, ತೊಂಬತ್ತೈದು. ಮೇ, ತೊಂಬತ್ತೈದು. ಮೂರೇ ಸಾಲು. ಕಂಬದ ಖಡುವಿನ ಗೀಟು ಸರಿಯಿತ್ತು, ಅದರ ಮೇಲೆ ಆಮೇಲೆ ಸುಣ್ಣ ಹೊಡೆದರು. ಇನ್ನೊಂದು ಗೀಟು ಹಾಕಿದರೆ ಇದೂ ಮುಚ್ಚಿಹೋಗುತ್ತದೆ, ಹಾಕದಿದ್ದರೆ ಶಶಿಧರನ ಬಾಯಲ್ಲಿ ಮೇಡಮ್ಮಾರ ಸಿಸ್ಟಿಮ್ ಎಂಬ ಮಾತು ಸಿದ್ಧವಾಗಿದೆ, ಅನ್ನಲಿ, ಖರೇನೇ ಅದು, ಬೆರಳು ಗೀಟಿನ ಕೀಲಿಯ ಮೇಲೆ ಬಂತು, ನಿಂತಿತು, ಹಿಟ್ಟಿನ ಬೆರಳು — ಬೇರೆ ಕೀಲಿ ಒತ್ತಿದಳು, ಒಂದೇ ಗೀಟಿನದನ್ನು ಉಳಿಸಿ ಹೊಸದಕ್ಕೆ ಏರಿಸಿದಳು, ನಾಳೆ ಒಂಬತ್ತಕ್ಕೆ ಮೂರೂ ಸಾಲಿನ ಸಮೇತ ಅದು ಶಶಿಧರನ ಮುಂದೆ ಬೀಳುತ್ತದೆ, ಒಂಬತ್ತಕ್ಕೆ ತಾನು ಖಾನಾಪುರದ ಬಸ್ಸಿನಲ್ಲಿರುತ್ತಾಳೆ, ಮೂರು ಸಾಲು ಕಾಗದದ ಮೇಲೆ ಬರೆದುಕೊಂಡು, ಪೆನ್ನಿನಿಂದ, ಭಾಗಿಸಿದ್ದೂ ಕಾಣುವ ಹಾಗೆ. ಗಾಜೂ ಅವನಿಗೆ ವಾಪಸು ಹೋಗಬೇಕು. ಏನ, ತಣ್ಣಗ ಆದಮ್ಯಾಲ ಕೊಡತಿಯೇನ, ಗುರುಪುತ್ರಪ್ಪ, ಆತ್ರಿ, ಬಂದೆ. ಡಬ್ಬಿಯ ಮೇಲಿನಿಂದ ಗಾಜು ತೆಗೆದಳು, ಬಾಳವ್ವ ಹಿಂದಿನಿಂದ, ಅದನ್ಯಾಕ ತಗದಿ, ಚಟ್ನಿಗೆ ಇರಿವಿ ಹತ್ತತಾವ, ಹತ್ತಲಿ ಬಿಡ್ರಿ ಅತ್ತಿ. ನಳದ ಕೆಳಗೆ ಹಿಡಿದಳು, ಎಣ್ಣೆ ಹೋಯಿತು, ಖಾರ ಹೋಯಿತು, ಸುಟ್ಟ ಮೂಲೆ ಹೋಗಲಿಲ್ಲ, ಕಣ್ಣಿಗಿಟ್ಟುಕೊಂಡು ಒಲೆಯ ಕಡೆ ತಿರುಗಿದಳು, ಉರಿ ಅಷ್ಟು ಸಣ್ಣದು, ಅಷ್ಟು ಸ್ಪಷ್ಟ, ಇಷ್ಟು ವರ್ಷ ಅವನು ನೋಡಿದ್ದು ಹೀಗೆ, ಈಗ ಬರಿಗಣ್ಣಲ್ಲಿ ನೋಡುತ್ತಾನೆ, ಈ ಗಾಜು ಇಲ್ಲಿ, ಚಟ್ನಿಯ ಮೇಲೆ, ಮೂರು ವರ್ಷ, ಈ ಗಾಜು —