ಹಲ್ಲಿ ತೂರುವಷ್ಟು ಸಂದು

ಹಳಿಯಾಳದ ಪೇಟೆಯಲ್ಲಿ ಅಬ್ದುಲ್ ರಜಾಕನಷ್ಟು ಮೊಂಡ ಬಡಗಿ ಇನ್ನೊಬ್ಬನಿರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಎತ್ತಿನ ಗಾಡಿಯ ಗಾಲಿ. ಕಾಡಿನಿಂದ ದಿಮ್ಮಿ ಹೇರಿ ತರುವ ಗಾಡಿಗಳೆಲ್ಲ ಅವನ ಅಂಗಳದಲ್ಲೇ ಹುಟ್ಟಿದ್ದವು. ಮೂವತ್ತೆಂಟನೆಯ ಇಸವಿಯಲ್ಲಿ ಲಾರಿಗಳು ಬಂದವು ನೋಡಿ, ಗಾಲಿ ಕೇಳಿಕೊಂಡು ಬರುವವರೇ ಇಲ್ಲವಾದರು.

ದಾಂಡೇಲಿಯ ಮರ ಕೊಯ್ಯುವ ಮಿಲ್ಲಿನ ಮುಕಾದಮ ಬಾಬಾಜಾನ, "ಗಾಡಿ ಕಾಲ ಮುಗೀತು ರಜಾಕ. ಕೂಲಿಗೆ ಬಾ, ಜಾಗಾ ಇಟ್ಟೇನಿ" ಎಂದು ಕರೆದೇ ಬಿಟ್ಟಿದ್ದ. ಇನ್ನೊಬ್ಬರು ಊದುವ ಸೀಟಿಗೆ ಏಳುವುದು, ಇನ್ನೊಬ್ಬರ ಗರಗಸಕ್ಕೆ ದಿಮ್ಮಿ ಒಡ್ಡುವುದು! ರಜಾಕನಿಗೆ ಅದು ಸುತರಾಂ ಒಗ್ಗದ ಮಾತು.

ಅಷ್ಟರಲ್ಲಿ ಕಾಳಿನ ವ್ಯಾಪಾರಿ ನಾಗಲಿಂಗಪ್ಪ ಹೊಸ ಮನೆ ಕಟ್ಟಿಸತೊಡಗಿದ. ಹದಿನಾಲ್ಕು ಕಿಡಕಿಯ ಮನೆ. ಚೌಕಟ್ಟು ಯಾವುದರದ್ದು ಎಂದು ಊರೆಲ್ಲ ಸಲಹೆ ಕೊಟ್ಟು ಅವನ ತಲೆ ತಿಂದಿತು. ಕಬ್ಬಿಣಕ್ಕೆ ಹುಳ ಹಿಡಿಯುವುದಿಲ್ಲ ಎಂದರು ಕೆಲವರು. ಸಾಗವಾನಿ ಹಾಕಿದರೆ ಮನೆಗೇ ಕಳೆ ಎಂದರು ಉಳಿದವರು. ನಡುವೆ ರಜಾಕ ಹೋಗಿ, "ಮತ್ತಿ ಕಟ್ಟಿಗಿ ಹಾಕ್ರಿ ಸಾವಕಾರ್ರ, ನಾನು ಮಾಡಿಕೊಡ್ತೇನಿ" ಎಂದಾಗ ಎಲ್ಲರೂ ಗೊಳ್ಳೆಂದು ನಕ್ಕರು. ಗಾಲಿ ಮಾಡುವವನು ಕಿಡಕಿ ಮಾಡುತ್ತಾನಂತೆ!

ನಾಗಲಿಂಗಪ್ಪ ಮಾತ್ರ ನಗಲಿಲ್ಲ. ಹಿಡಿ ಜೋಳವನ್ನೂ ಬಾಯಿಗೆ ಹಾಕಿ ನೋಡದೆ ಕೊಳ್ಳುವ ಜಾತಿಯಲ್ಲ ಅವನು. ಮಳೆ ಹೊಡೆಯುವ ಪಡುವಣ ಗೋಡೆಗೆ ಮೂರು ಕಿಡಕಿ ಕೂಡಿಸಿರಿ ಎಂದ: ಹುಬ್ಬಳ್ಳಿಯ ಕಬ್ಬಿಣದ್ದೊಂದು, ಧಾರವಾಡದ ಮೇಸ್ತ್ರಿ ಅಡಿವೆಯ್ಯನ ಸಾಗವಾನಿಯದೊಂದು, ರಜಾಕನ ಮತ್ತಿಯದೊಂದು.

"ಆ ಖೋಲಿ ನಮ್ಮವ್ವಂದು. ಶ್ರಾವಣದಾಗ ಆಕೀನ ತಗದು ಹಾಕಿ ನೋಡ್ಲಿ. ಯಾವುದು ಆಕಿ ಕೈಗೆ ಬಗ್ಗತೈತಿ, ಉಳದ ಹನ್ನೊಂದೂ ಅದನ್ನ ಮಾಡಿದವಂಗ."

ಅವ್ವ ಕಾಶೆವ್ವನಿಗೆ ಎಪ್ಪತ್ತು ದಾಟಿತ್ತು. ಸಂದುನೋವಿಗೆ ಬೆರಳುಗಳೆಲ್ಲ ಸೊಟ್ಟಗಾಗಿದ್ದವು.

ರಜಾಕ ಅಂಗಳದಲ್ಲಿ ಬಿದ್ದಿದ್ದ ಹಳೆಯ ಗಾಡಿಯೊಂದನ್ನು ಬಿಚ್ಚಿದ. ಹದಿನೈದು ಮಳೆಗಾಲ ಉಂಡ ಮತ್ತಿ ಅದು. ಚೈತ್ರದ ಉರಿಬಿಸಿಲಲ್ಲಿ ಮೂರೂ ಕಿಡಕಿ ಕೂತವು. ಅಡಿವೆಯ್ಯನದು ಕೂದಲೂ ತೂರದಷ್ಟು ಬಿಗಿ. ರಜಾಕನದಕ್ಕೆ ಚೌಕಟ್ಟಿಗೂ ಕದಕ್ಕೂ ನಡುವೆ ಸುತ್ತಲೂ ಹುಣಸೆಬೀಜದಷ್ಟು ಸಂದು!

"ಹಲ್ಲಿಗೆ ಬಾಗಲಾ ಮಾಡ್ಯಾನ!" ಎಂದ ಅಡಿವೆಯ್ಯ. ಮಾತು ಪೇಟೆಯೆಲ್ಲ ಸುತ್ತಿತು. ರಜಾಕನ ಹೆಂಡತಿ ಮದೀನಾಬಿಯೂ ಬಿಡಲಿಲ್ಲ: "ಇನ್ನೊಂದೀಟು ಬಿಟ್ಟಿದ್ರ ಬೆಕ್ಕೂ ಬರ್ತಿತ್ತು." ಒಳಗೊಳಗೇ ರಜಾಕನಿಗೂ ಅಳುಕಿತ್ತು. ಎಷ್ಟೆಂದರೂ ಅದು ಅವನ ಮೊದಲ ಕಿಡಕಿ.

ಆಷಾಢದ ಮಳೆ ಇಪ್ಪತ್ತು ದಿನ ಬಿಡದೆ ಹೊಡೆಯಿತು. ಶ್ರಾವಣದ ಮೊದಲ ಸೋಮವಾರ, ಇನ್ನೂ ಜಿಟಿಜಿಟಿ ಹನಿಯುತ್ತಿರುವಾಗಲೇ, ಕಾಶೆವ್ವ ಕೋಲೂರಿಕೊಂಡು ಬಂದಳು. ನೋಡಲು ಅರ್ಧ ಪೇಟೆಯೇ ನೆರೆದಿತ್ತು.

ಕಬ್ಬಿಣದ ಕಿಡಕಿಯ ಬಿಜಾಗರಿ ತುಕ್ಕು ಹಿಡಿದು ಕೂತಿತ್ತು. ಮುದುಕಿಯಿಂದ ಆಗಲಿಲ್ಲ, ಮಗ ಹೆಗಲು ಕೊಟ್ಟರೂ ಕಿರ್ರೆಂದಿತೇ ಹೊರತು ತೆರೆಯಲಿಲ್ಲ. ಸಾಗವಾನಿಯದು ಚೆಲುವಾಗೇನೋ ಇತ್ತು. ಆದರೆ ಸಂದೇ ಬಿಡದ ಕದ, ನೀರು ಕುಡಿದು ಉಬ್ಬಿ ಚೌಕಟ್ಟನ್ನು ಕಚ್ಚಿಕೊಂಡಿತ್ತು. ಅಡಿವೆಯ್ಯ ಗುದ್ದಿ ಗುದ್ದಿ ಬೆವರಿದ.

ಮೂರನೆಯದರ ಮುಂದೆ ಕಾಶೆವ್ವ ನಿಂತಳು. ಅವಳು ಒಂದು ಸೊಟ್ಟ ಬೆರಳು ಇಟ್ಟು ಒತ್ತಿದಳು.

ಕದ ತೆರೆಯಿತು! ತುಂತುರು ಅವಳ ಮುಖಕ್ಕೆ ಎರಚಿತು. ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕು ಕದ ಎಳೆದುಕೊಂಡಳು. ಮುಚ್ಚಿತು. ಸಂದಿಗಾಗಿ ಉಗುರಾಡಿಸಿ ಹುಡುಕಿದಳು. ಉಗುರಿನ ತುದಿಗೂ ಸಂದಿರಲಿಲ್ಲ.

"ಹಲ್ಲಿ ಎಲ್ಲಿಂದ ಬರಬೇಕೋ ಅಡಿವೆಯ್ಯಾ?" ಎಂದು ಕೇಳಿ, ತೆಗೆದು ಹಾಕಿ, ತೆಗೆದು ಹಾಕಿ ಆಡತೊಡಗಿದಳು.

"ಇದೆಂಗ ರಜಾಕ?" ಎಂದ ನಾಗಲಿಂಗಪ್ಪ.

"ಗಾಲಿ ಕಲಿಸಿದ್ದರಿ. ಬ್ಯಾಸಗಿಗೆ ಸಡ್ಲ ಆಗ್ತಾವ, ಮಳಿಗಾಲಕ್ಕ ಉಬ್ಬಿ ಬಿಗಿ ಆಗ್ತಾವ. ಮತ್ತಿ ಎಷ್ಟು ಉಬ್ಬತೈತಿ ಅಂತ ನನ್ನ ಕೈಗೆ ಗೊತ್ತೈತಿ. ಅಷ್ಟ ಜಾಗಾ ಬಿಟ್ಟಿದ್ದೆ."

"ಬ್ಯಾಸಗಿಗೆ ಮತ್ತ ಸಂದು ಬೀಳತೈತಲ್ಲೋ?"

"ಬೀಳ್ಲಿ ಬಿಡೋ" ಎಂದು ಕಾಶೆವ್ವ ಗದರಿದಳು. "ಬ್ಯಾಸಗ್ಯಾಗ ಗಾಳಿ ಬ್ಯಾಡ ಅಂದವರ್ಯಾರು?"

ಅಲ್ಲಿಗೆ ತೀರ್ಪಾಯಿತು. ನಾಗಲಿಂಗಪ್ಪ ಹನ್ನೊಂದಲ್ಲ, ಹದಿಮೂರು ಕಿಡಕಿ ಒಪ್ಪಿಸಿದ. ಸೋತ ಎರಡನ್ನೂ ಕೀಳುವ ಕೆಲಸವೂ ರಜಾಕನದೇ ಆಯಿತು.

ಎದೆಯುಬ್ಬಿಸಿಕೊಂಡು, ಕೊಡೆಯಿಲ್ಲದೆ, ರಜಾಕ ಪೇಟೆಯ ನಟ್ಟನಡುವೆ ಮನೆಗೆ ಹೊರಟ. ಅಂಗಡಿಯೊಂದರ ಸೂರಿನಡಿ ನಿಂತಿದ್ದ ಬಾಬಾಜಾನ ಕೂಗಿದ: "ಏನಪಾ ರಜಾಕ, ಮಿಲ್ಲಿಗೆ ಬರ್ತೀಯೋ ಇಲ್ಲೋ?"

"ಬರ್ತೇನಿ, ಬರ್ತೇನಿ" ಎಂದ ರಜಾಕ ಮಳೆಯಲ್ಲೇ ನಿಂತು. "ಹದಿಮೂರು ಕಿಡಕಿಗೆ ಆಗೂವಷ್ಟು ಒಣಗಿದ ಮತ್ತಿ ಆರಿಸಿ ಇಡು. ಕೊಳ್ಳಾಕ ನಾನ ಬರ್ತೇನಿ."