ಸಾಕು ಅನ್ನುವವರೆಗೆ

"ತಲೆ ಕಡೆ ಎತ್ತಿ ಹಿಡೀರಿ, ಜಾರ್ತಾ ಇದೆ!" ಸುಬ್ಹಿ ಮೇಲಿಂದ ಕೂಗಿದ. ಅವನ ಅಣ್ಣ ವಾಸೆಫ್‌ನ ಶವ ಹೊತ್ತ ಜನಾಜಾ ಗುಡ್ಡದ ಕಡಿದಾದ ಮೆಟ್ಟಿಲು ಇಳಿಯುತ್ತಿತ್ತು. ಅಮ್ಮಾನ್ ನಗರದ ಈ ಭಾಗಕ್ಕೆ ಗಾಡಿ ಬರುವುದಿಲ್ಲ. ಸತ್ತವರೂ ಹೆಗಲ ಮೇಲೆಯೇ ಇಳಿಯಬೇಕು.

"ನಿಧಾನ ಮಾರಾಯ," ಹೆಗಲು ಕೊಟ್ಟಿದ್ದ ಪಕ್ಕದ ಮನೆಯ ಕ್ಷೌರಿಕ ಗೊಣಗಿದ. "ಇದೇ ಮೆಟ್ಟಿಲಿಂದ ವಾಸೆಫ್ ಬೇಕಂತಲೇ ಉರುಳಿ ಅಭ್ಯಾಸ ಮಾಡ್ತಿದ್ದ. ಇವತ್ತು ನಮ್ಮನ್ನೂ ಉರುಳಿಸ್ತಾನೆ."

"ಉರುಳು, ಗಾಲೆಬ್ ಸಂಬಳ ಕೊಡ್ತಾನೆ," ಹೆಗಲು ಕೊಟ್ಟಿದ್ದ ಇನ್ನೊಬ್ಬ ಅಂದ.

ಯಾರೋ ನಕ್ಕರು. ಹಿಂದೆ ಬರುತ್ತಿದ್ದ ಗಾಲೆಬ್ ನಗಲಿಲ್ಲ. ಕಂಪ್ಯೂಟರ್ ಆಟಗಳಿಗೆ ಮನುಷ್ಯರ ನಡೆ, ಓಟ, ಸಾವು ಮಾಡಿಕೊಡುವ ಸ್ಟುಡಿಯೋ ಅವನದು. ಬೀಳುವುದು ವಾಸೆಫ್‌ನ ಕೆಲಸ. ಮೈಗಂಟಿದ ಕಪ್ಪು ಉಡುಪಿನಲ್ಲಿ ಕೀಲುಕೀಲಿಗೂ ಹೊಳೆಯುವ ಉಂಡೆ ಅಂಟಿಸಿಕೊಂಡು ಅವನು ಬಿದ್ದರೆ, ಪರದೆಯ ಮೇಲೆ ಸೈನಿಕರೂ ಕಳ್ಳರೂ ರಾಜರೂ ಅವನಂತೆಯೇ ಬೀಳುತ್ತಿದ್ದರು. ಊರಿನ ಮಕ್ಕಳು ಅವನನ್ನು ಕೊಲ್ಲುತ್ತಲೇ ದೊಡ್ಡವರಾದರು.

*

ಹಿಂದಿನ ದಿನ ಮಧ್ಯಾಹ್ನ ವಾಸೆಫ್ ಬಾಣ ತಗುಲಬೇಕಾದ ಕಾವಲುಗಾರನಾಗಿದ್ದ. ಕ್ಯಾಮೆರಾಗಳು ಓಡುತ್ತಿದ್ದವು. ಗಾಲೆಬ್ "ಹೂಂ" ಅನ್ನುವ ಮೊದಲೇ ಬಿದ್ದ.

ಬಿದ್ದ ಮೇಲೆ "ಸಾಕು" ಅನ್ನುವವರೆಗೆ ಏಳಬಾರದು, ಅದು ಅಲ್ಲಿನ ನಿಯಮ. ಬಿದ್ದ ಮೈ ನೆಲಕ್ಕೆ ಒಗ್ಗುವುದನ್ನೂ ಕ್ಯಾಮೆರಾ ಹಿಡಿಯಬೇಕು. ಇಲ್ಲದಿದ್ದರೆ ಹೆಣ ಮರದ ತುಂಡಿನಂತೆ ಕಾಣುತ್ತದೆ. ಹಾಗಾಗಿ ಗಾಲೆಬ್ ನೋಡಿದ್ದು ಪರದೆಯನ್ನು, ನೆಲವನ್ನಲ್ಲ.

"ಅಬ್ಬಾ! ನೋಡ್ರೋ, ಕೈ ಕೂಡ ಊರಲಿಲ್ಲ. ಬೀಳೋದು ಅಂದ್ರೆ ಇದಪ್ಪಾ!" ಎಂದ ಗಾಲೆಬ್.

ಇಬ್ಬರು ಚಪ್ಪಾಳೆ ತಟ್ಟಿದರು.

"ಸಾಕು, ವಾಸೆಫ್." ಸ್ವಲ್ಪ ಹೊತ್ತು ಬಿಟ್ಟು, "ಸಾಕಪ್ಪಾ, ಏಳು. ಚಹಾ ಆರ್ತಾ ಇದೆ."

*

ಮಣ್ಣು ಮಾಡಿ ಬಂದ ಮೇಲೆ ಗಂಡಸರು ಕೆಳಗಿನ ಅಂಗಳದಲ್ಲಿ ಕಹಿ ಕಾಫಿ ಕುಡಿಯುತ್ತಿದ್ದರು. ವಾಸೆಫ್‌ನ ಹೆಂಡತಿ ಇಂತಿಸಾರ್ ಗಾಲೆಬ್‌ನನ್ನು ಒಳಗೆ ಕರೆಸಿದಳು. ಸುಬ್ಹಿಯೂ ಬಂದು ಬಾಗಿಲಲ್ಲಿ ನಿಂತ.

"ಹೃದಯ ನಿಂತು ಕ್ಷಣದಲ್ಲೇ ಜೀವ ಹೋಯ್ತು ಅಂತಾರೆ ಡಾಕ್ಟರು. ಗಂಡ ಸತ್ತವರಿಗೆಲ್ಲ ಅದನ್ನೇ ಹೇಳ್ತಾರೆ," ಎಂದಳು. "ನೀವು ಚಪ್ಪಾಳೆ ತಟ್ತಾ ಇದ್ರಂತಲ್ಲ, ಆಗ ಅವರು ಒದ್ದಾಡ್ತಾ ಇದ್ರಾ? ನಂಗೆ ಅಷ್ಟು ಗೊತ್ತಾಗ್ಬೇಕು. ತೋರ್ಸಿ."

"ಬೇಡ ಅತ್ತಿಗೆ," ಎಂದ ಸುಬ್ಹಿ.

"ನೀನು ಸುಮ್ನಿರು."

ಗಾಲೆಬ್ ಲ್ಯಾಪ್‌ಟಾಪ್ ತೆರೆದ. ಮುಖವಿರಲಿಲ್ಲ, ಕ್ಯಾಮೆರಾ ಹಿಡಿದದ್ದು ಮೈಮೇಲಿನ ಉಂಡೆಗಳನ್ನು ಮಾತ್ರ. ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆಗಳು ಮನುಷ್ಯನಾಕಾರದಲ್ಲಿ ನಿಂತಿದ್ದವು. ಎಡಗಾಲ ಮೇಲೆ ಭಾರ ಬಿಟ್ಟು ಹೆಗಲು ಕೆರೆದುಕೊಂಡವು.

"ಅವರೇ. ಹೀಗೇ ನಿಲ್ಲೋರು," ಎಂದಳು.

ಚುಕ್ಕೆಗಳು ಕುಸಿದವು. ಆಮೇಲೆ ಒಂದೂ ಅಲುಗಲಿಲ್ಲ. ಬಹಳ ಹೊತ್ತು ಅಲುಗಲಿಲ್ಲ. ಆಚೆ ತಟ್ಟಿದ ಚಪ್ಪಾಳೆ ಅದರಲ್ಲಿ ದಾಖಲಾಗಿರಲಿಲ್ಲ, ಅಷ್ಟು ಪುಣ್ಯ.

"ಗದ್ದ ಎದೆಗೆ ಒತ್ತಲೇ ಇಲ್ಲ," ಇಂತಿಸಾರ್ ಮೆಲ್ಲಗೆ ಹೇಳಿದಳು. "ಬೀಳೋವಾಗ ಒತ್ಕೊಳ್ಳೋರು, ತಲೆಗೆ ಪೆಟ್ಟಾಗ್ದೇ ಇರ್ಲಿ ಅಂತ. ಹಾಸಿಗೆ ಮೇಲೆ ಬಿದ್ದುಕೊಂಡ್ರೂ ಒತ್ಕೊಳ್ಳೋರು."

"ಹೌದು."

"ಹಾಗಾದ್ರೆ ನೆಲ ಮುಟ್ಟೋ ಮುಂಚೆನೇ ಹೋಗಿದ್ರು."

ಗಾಲೆಬ್‌ಗೆ ಅಳು ಬಂತು. ಅವಳಿಗೆ ಬರಲಿಲ್ಲ, ನಿನ್ನೆಯಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟಳು.

ಅಷ್ಟರಲ್ಲಿ ದೃಶ್ಯ ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಚುಕ್ಕೆಗಳು ಎದ್ದು ನಿಂತಿದ್ದವು. ಎಡಗಾಲ ಮೇಲೆ ಭಾರ ಬಿಟ್ಟವು. ಕೈ ಹೆಗಲಿಗೆ ಹೋಯಿತು.

"ಸಾಕು," ಎಂದಳು ಇಂತಿಸಾರ್.

ಗಾಲೆಬ್ ಅಲ್ಲಿಗೇ ನಿಲ್ಲಿಸಿದ. ವಾಸೆಫ್ ಹೆಗಲು ಕೆರೆದುಕೊಳ್ಳುತ್ತಾ ನಿಂತೇ ಇದ್ದ.