ಇಲಿವಾರದ ಕಡುಬು

ನಾನೊಂದು ದಾರಿ ತಪ್ಪಿಸುವ ಪೆಟ್ಟಿಗೆ. ಧಾರವಾಡದ ಬಡಿಗೇರ ಈರಪ್ಪ ನನ್ನನ್ನು ಮಾಡಿದ. ಬಾಗಿಲು, ತೊಟ್ಟಿಲು ಮಾಡಿ ಗೊತ್ತಿದ್ದ ಅವನ ಕೈಗೆ ಕಾಲೇಜಿನವರು ಒಂದು ನಕ್ಷೆ ಕೊಟ್ಟು, ಮುಚ್ಚಳವಿಲ್ಲದ, ಒಳಗೆ ಹದಿನಾಲ್ಕು ಓಣಿಗಳಿರುವ ಪೆಟ್ಟಿಗೆ ಬೇಕು ಎಂದರು. ಅದರಲ್ಲಿ ಒಂಬತ್ತು ಓಣಿಗಳು ಎಲ್ಲಿಗೂ ಹೋಗಬಾರದು. ಈರಪ್ಪ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾರು ಇರಾವ್ರು ಇದರಾಗ?"

"ಇಲಿ."

"ಇಲಿಗೆ ಊರು ಕಟ್ಟಸಾಕತ್ತೀರಿ. ಚಲೋ ಆತು" ಎಂದು ನಕ್ಕ.

ನಗುತ್ತಲೇ ಮಾಡಿದ, ಅಚ್ಚುಕಟ್ಟಾಗಿ ಮಾಡಿದ. ಆದರೆ ಕೊನೆಯ ಓಣಿಯ ಮೂಲೆಗೆ ಬರುವಷ್ಟರಲ್ಲಿ ವಾರ್ನಿಶ್ ಮುಗಿಯಿತು. ಇಲಿ ಏನು ನೋಡೀತು ಎಂದು ಅಂಗೈಯಗಲ ಜಾಗವನ್ನು ಹಾಗೇ ಬಿಟ್ಟ. ಆ ಬರಿಮೈ ಮೂಲೆ ಮುಂದೆ ಒಬ್ಬಳ ಅನ್ನಕ್ಕೆ ಕಲ್ಲು ಹಾಕುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನನ್ನನ್ನು ಮಾಡಿಸಿದ ಪ್ರಾಧ್ಯಾಪಕರು ಬಹಳ ದಿನ ಇರಲಿಲ್ಲ. ನಿವೃತ್ತರಾಗಿ ಹೋದರು. ಕೆಲವು ವರ್ಷ ನನ್ನೊಳಗೆ ಹಳೆಯ ಪತ್ರಿಕೆಗಳನ್ನು ತುಂಬಿಟ್ಟಿದ್ದರು. ಆಮೇಲೆ ಬಂದವಳು ರೋಹಿಣಿ. ಸಂಶೋಧನೆ ಮಾಡಲು ಬಂದ ಹುಡುಗಿ, ಮಾತು ಕಡಿಮೆ. ಪತ್ರಿಕೆಗಳನ್ನೆಲ್ಲ ತೆಗೆದು ನನ್ನನ್ನು ಬಿಸಿಲಿಗಿಟ್ಟಳು. ಮತ್ತೆ ಬಾಳಿಗೆ ಬಂದೆ ಅನ್ನಿಸಿತು.

ಅವಳಿಗೆ ತಿಳಿಯಬೇಕಾಗಿದ್ದದ್ದು ಇಷ್ಟು: ಇಲಿ ತಿನ್ನುವ ಜಿಡ್ಡು ಅದರ ಗಮನವನ್ನೂ ನಡತೆಯನ್ನೂ ಬದಲಿಸುತ್ತದೆಯೇ? ಮೂವತ್ತು ಬಿಳಿ ಇಲಿಗಳನ್ನು ತರಿಸಿದಳು. ಹದಿನೈದಕ್ಕೆ ಅಗಸೆ ಎಣ್ಣೆ ಕಲಸಿದ ಆಹಾರ. ಅವುಗಳ ಬಾಲಕ್ಕೆ ನೀಲಿ ಶಾಯಿ. ಉಳಿದ ಹದಿನೈದಕ್ಕೆ ವನಸ್ಪತಿ ಕಲಸಿದ ಆಹಾರ, ಬಾಲಕ್ಕೆ ಕೆಂಪು ಶಾಯಿ. ಹಸಿದ ಇಲಿಯನ್ನು ನನ್ನ ಈ ತುದಿಯಲ್ಲಿ ಬಿಡುವುದು, ಆ ತುದಿಯಲ್ಲಿ ಒಂದು ಚೂರು ಬಿಸ್ಕತ್ತು ಇಡುವುದು. ಎಷ್ಟು ಹೊತ್ತಾಯಿತು, ಎಷ್ಟು ಸಲ ತಪ್ಪು ಓಣಿಗೆ ಹೋಯಿತು ಎಂದು ರೋಹಿಣಿ ಬರೆದುಕೊಳ್ಳುವಳು.

ಬರೆಯುವುದು ಅವಳ ಕೆಲಸ. ನನಗೆ ಬರಹ ಬೇಕಿರಲಿಲ್ಲ, ಹೆಜ್ಜೆಗಳೇ ಹೇಳುತ್ತಿದ್ದವು. ಮೊದಲ ಒಂದು ತಿಂಗಳು ಎಲ್ಲ ಒಂದೇ. ಆರನೆಯ ವಾರದ ಹೊತ್ತಿಗೆ ಕೆಂಪು ಬಾಲದವು ಬೇರೆಯಾದವು. ಮೈ ತುಂಬಿಕೊಂಡು ನೋಡಲು ಚೆಂದ, ಆದರೆ ಮನಸ್ಸು ಒಂದು ಕಡೆ ನಿಲ್ಲದು. ನಿನ್ನೆ ಮೂತಿ ತಾಗಿಸಿಕೊಂಡ ಗೋಡೆಗೇ ಇವತ್ತೂ ಹೋಗಿ ತಾಗಿಸುವವು. ನಡುದಾರಿಯಲ್ಲಿ ಕೂತು, ಬಂದ ಕೆಲಸವನ್ನೇ ಮರೆತು, ಮೀಸೆ ನೆಕ್ಕಿಕೊಳ್ಳುವವು. ಎತ್ತಿಕೊಳ್ಳಲು ಹೋದರೆ ಸಿಡುಕು. ನೀಲಿ ಬಾಲದವು ಹಾಗಲ್ಲ. ತಿರುವು ಬಂದಾಗ ನಿಲ್ಲುವವು, ಮೂಗು ಎತ್ತುವವು, ಯೋಚಿಸುವವು, ಸರಿಯಾದ ಓಣಿ ಹಿಡಿಯುವವು. ಅವು ನಡೆಯುವಾಗ ನನಗೇ ಹೆಮ್ಮೆ. ದಾರಿ ತಪ್ಪಿಸಲು ಹುಟ್ಟಿದವನಿಗೆ ಹೀಗೆ ಅನ್ನಿಸಬಾರದು, ಆದರೂ ಅನ್ನಿಸುತ್ತಿತ್ತು.

ಇನ್ನು ಬನವ್ವ. ಇಲಿಗಳ ಮನೆಯನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು. ಗದಗ ಬೆಟಗೇರಿಯ ನೇಕಾರರ ಮನೆತನ. ಗಂಡ ಹೋದಮೇಲೆ ಮಗ್ಗ ನಿಂತಿತು, ಈ ಕೆಲಸಕ್ಕೆ ಬಂದಳು. ಪಂಜರ ತೊಳೆಯುವುದು, ನೀಲಿ ಮುಚ್ಚಳದ ಡಬ್ಬಿಯಿಂದ ನೀಲಿ ಬಾಲದವಕ್ಕೆ, ಕೆಂಪು ಮುಚ್ಚಳದ್ದರಿಂದ ಕೆಂಪು ಬಾಲದವಕ್ಕೆ ಹಾಕುವುದು, ಪ್ರತಿ ಇಲಿ ಓಡಿದ ಮೇಲೂ ನನ್ನನ್ನು ಸ್ಪಿರಿಟ್ಟಿನಿಂದ ಒರೆಸುವುದು. ಹನ್ನೊಂದು ವರ್ಷವೂ ದಿನಗೂಲಿಯೇ. ಆ ವರ್ಷ ಮಾತ್ರ ಅವಳನ್ನು ಕಾಯಂ ಮಾಡುವ ಕಾಗದ ವಿಭಾಗದ ಮುಖ್ಯಸ್ಥ ಡಾಕ್ಟರ್ ಅಂಗಡಿಯವರ ಮೇಜಿನವರೆಗೆ ಬಂದಿತ್ತು. ಒಂದು ಸಹಿ ಬಾಕಿ. "ಈ ಸಲ ಆಗ್ತೈತಿ ನೋಡ್ರಪಾ" ಎಂದು ಅವಳು ಇಲಿಗಳಿಗೆ ದಿನವೂ ಹೇಳುತ್ತಿದ್ದಳು. ಕೇಳುವವರು ಬೇರೆ ಯಾರಿದ್ದರು?

ಗಣಪತಿ ಹಬ್ಬ ಬಂತು. ಹಬ್ಬದ ಮರುದಿನ ಆ ಕಡೆಯವರಿಗೆ ಇಲಿವಾರ. ಗಣಪತಿಯನ್ನು ಹೊತ್ತು ತಿರುಗುವ ಇಲಿಗೂ ಒಂದು ದಿನ ಬೇಡವೇ? ಬನವ್ವನ ಮನೆಯಲ್ಲಿ ಆವತ್ತು ಮಗ್ಗದ ಕೆಳಗೆ ಕಡುಬು ಇಡುತ್ತಿದ್ದರಂತೆ. ನೂಲು ಕಡಿಯಬೇಡಿ ಎಂದು ಕೈಮುಗಿಯುತ್ತಿದ್ದರಂತೆ. ಮಗ್ಗ ಹೋದರೂ ಅವಳೊಳಗಿನ ಇಲಿವಾರ ಹೋಗಿರಲಿಲ್ಲ. ಆವತ್ತು ಬೆಳಿಗ್ಗೆ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದಳು. ವನಸ್ಪತಿಯಲ್ಲಿ ಕರಿದ ಕಡುಬು, ಒಳಗೆ ಕೊಬ್ಬರಿ, ಸಕ್ಕರೆ, ಏಲಕ್ಕಿ.

ಎರಡೂ ಸಾಲಿನ ಪಂಜರಗಳ ನಡುವೆ ನಿಂತು ನೋಡಿದಳು. ಕೆಂಪು ಬಾಲದವು ಗುಂಡಗುಂಡಗಿದ್ದವು. ನೀಲಿ ಬಾಲದವು ತೆಳ್ಳಗಿದ್ದವು.

"ಅವಕ್ಕ ದಿನಾ ಹಬ್ಬ. ನೀವೇನ್ ಪಾಪ ಮಾಡೀರಿ?" ಎಂದು ನೀಲಿ ಬಾಲದವಕ್ಕೇ ಕಡುಬು ಮುರಿದು ಹಾಕಿದಳು. "ಹೆಂಗೂ ಸಾಯಾವು ನೀವು. ಹಬ್ಬದಾಗರ ಹೊಟ್ಟಿ ತುಂಬ ತಿನ್ರಿ."

ಒಂದು ದಿನಕ್ಕೆ ನಿಂತಿದ್ದರೆ ಆಗುತ್ತಿತ್ತೇನೋ. ಅವು ತಿಂದ ಚೆಂದ ನೋಡಿ ಅವಳ ಕರುಳು ಕರಗಿತು. ಅನಂತ ಚತುರ್ದಶಿಯವರೆಗೂ ಏನಾದರೊಂದು ಕರಿದದ್ದನ್ನು ತಂದಳು.

ನನ್ನ ಓಣಿಗಳಲ್ಲಿ ನೀಲಿ ಬಾಲದವು ಜಿಡ್ಡುಗಾಲಿನಲ್ಲಿ ಬರತೊಡಗಿದವು. ಹೊಟ್ಟೆ ತುಂಬಿದವಕ್ಕೆ ಬಿಸ್ಕತ್ತಿನ ಚೂರು ಯಾತಕ್ಕೆ? ತಿರುವಿನಲ್ಲಿ ನಿಂತು ಯೋಚಿಸುತ್ತಿದ್ದ ಅವೇ ಈಗ ಅಲ್ಲೇ ಕೂತು ತೂಕಡಿಸಿದವು. ಹೊಟ್ಟೆ ತುಂಬಿದ್ದರಿಂದಲೋ, ಜಿಡ್ಡು ತಲೆಗೇರಿದ್ದರಿಂದಲೋ, ನಾನು ಓದಿದವನಲ್ಲ, ಹೇಳಲಾರೆ. ರೋಹಿಣಿ ಮತ್ತೆ ಮತ್ತೆ ಬಿಟ್ಟು ನೋಡಿದಳು. ನನ್ನ ಗೋಡೆಯ ಮೇಲೆ ಗದ್ದ ಊರಿ ಕೂತವಳ ಉಸಿರು ಬಿಸಿಯಾಗಿತ್ತು. ಅಂಗಡಿಯವರು ಅವಳ ಪುಸ್ತಕ ತಿರುವಿ, "ಯಾವ ಎಣ್ಣಿ ಆದ್ರೂ ಅಷ್ಟ ಅಂತ ಬರದ್ಬಿಡು" ಎಂದರು. ನಾಲ್ಕು ತಿಂಗಳ ಶ್ರಮ. ನನಗೆ ಕಾರಣ ಗೊತ್ತಿತ್ತು. ಬಾಯಿ ಇರಲಿಲ್ಲ.

ಬಾಯಿ ಇರಲಿಲ್ಲ ಎಂದೆ. ಆದರೂ ಹೇಳಿದವನು ನಾನೇ. ಇವತ್ತಿಗೂ ನನ್ನನ್ನು ಸುಡುವುದು ಇದೇ. ವಾರ್ನಿಶ್ ಬಳಿದ ಕಡೆಯೆಲ್ಲ ಸ್ಪಿರಿಟ್ಟು ಜಿಡ್ಡನ್ನು ಒರೆಸಿ ಹಾಕಿತ್ತು. ಈರಪ್ಪ ಬಿಟ್ಟ ಆ ಮೂಲೆಯ ಬರಿ ಮರ ಮಾತ್ರ ಜಿಡ್ಡನ್ನು ಕುಡಿದು ಕಪ್ಪಾಗಿತ್ತು. ಒಂದು ಬೆಳಿಗ್ಗೆ ರೋಹಿಣಿ ಬಗ್ಗಿ ಅಲ್ಲಿ ಬೆರಳು ಉಜ್ಜಿ ಮೂಸಿದಳು. ಏಲಕ್ಕಿ.

"ಇಲಿಗೆ ಕಡಬು ಹಾಕಿದವ್ರು ಯಾರು?" ಎಂದು ಗಟ್ಟಿಯಾಗಿ ಕೇಳಿಬಿಟ್ಟಳು. ಅವಳು ಕೇಳಿದ್ದು ಆಶ್ಚರ್ಯದಿಂದ, ಸಿಟ್ಟಿನಿಂದಲ್ಲ. ಆದರೆ ಹಿಂದೆ ಅಂಗಡಿಯವರು ನಿಂತಿದ್ದರು.

ಬನವ್ವ ಒದ್ದೆ ಕೈಯಲ್ಲೇ ಬಂದಳು. ಇಲ್ಲ ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಾನ ಹಾಕೀನ್ರಿ ಅಕ್ಕಾರ. ಇಲಿವಾರ ಇತ್ತಲ್ರಿ."

ಅಂಗಡಿಯವರು ಕೂಗಾಡಲಿಲ್ಲ. "ಹನ್ನೊಂದು ವರ್ಷ ಆತು, ಇಷ್ಟೂ ತಿಳಿಯೂದಿಲ್ಲೇನ್ರಿ ಬನವ್ವ?" ಎಂದರು.

"ಹನ್ನೊಂದು ವರ್ಷ ಆತ್ರಿ ಸರ. ಇಲ್ಲಿ ಏನ್ ನೋಡ್ತೀರಿ ಅಂತ ಒಬ್ರೂ ಹೇಳ್ಲಿಲ್ರಿ."

"ಸರ್, ಅವ್ರಿಗೆ ಗೊತ್ತಿರಲಿಲ್ಲ" ಎಂದಳು ರೋಹಿಣಿ. ಒಮ್ಮೆ ಹೇಳಿದಳು. ಅಂಗಡಿಯವರು ತಿರುಗಿ ನೋಡಿದಾಗ ಎರಡನೆಯ ಸಲ ಹೇಳಲಿಲ್ಲ. ಅವಳ ಪದವಿಯೂ ಅವರ ಕೈಯಲ್ಲೇ ಇತ್ತು. ಸಹಿಗೆ ಕಾದಿದ್ದ ಕಾಗದ ಹಾಗೇ ಹಿಂದೆ ಹೋಯಿತು, ಮರುವಾರದಿಂದ ಬರುವುದು ಬೇಡ ಎಂದು ಬನವ್ವನಿಗೆ ಹೇಳಿದರು. ಹೋಗುವ ದಿನವೂ ಅವಳು ನನ್ನನ್ನು ಒರೆಸಿದಳು. ಆ ಮೂಲೆಯನ್ನು ಬಹಳ ಹೊತ್ತು ತಿಕ್ಕಿದಳು. ಮರ ಬಿಟ್ಟುಕೊಡಲಿಲ್ಲ. ಅವಳ ಕೈಯ ಬಿಸಿ ತಗಲುವಾಗ, ನಾನು ಅಲ್ಲೇ ಎರಡು ಹೋಳಾಗಿ ಬಿದ್ದಿದ್ದರೂ ವಾಸಿಯಿತ್ತು ಎನಿಸಿತು.

ರೋಹಿಣಿ ಹೊಸ ಇಲಿಗಳನ್ನು ತರಿಸಿ ಮೊದಲಿನಿಂದ ಮಾಡಿದಳು. ಈ ಸಲ ನೀಲಿ ಬಾಲದವು ಕೊನೆಯವರೆಗೂ ದಾರಿ ತಪ್ಪಲಿಲ್ಲ. ಅವಳಿಗೆ ಪದವಿ ಬಂತು, ಅದೇ ಕಾಲೇಜಿನಲ್ಲಿ ಕೆಲಸವೂ ಆಯಿತು. ಆಮೇಲೆ ಹೊಳೆಯುವ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಂದು ಬಂತು. ನಾನು ಮುರುಕು ಕುರ್ಚಿಗಳ ಜೊತೆ ಉಗ್ರಾಣ ಸೇರಿದೆ. ಗೆದ್ದಲು ಒಂದು ಬದಿಯಿಂದ ತಿನ್ನತೊಡಗಿತು. ಅದಕ್ಕೆ ಯಾವ ಓಣಿಯೂ ಕುರುಡು ಓಣಿಯಲ್ಲ.

ಒಂಬತ್ತು ವರ್ಷ ಕಳೆದ ಮೇಲೆ, ಮೊನ್ನೆ, ಉಗ್ರಾಣದ ಬಾಗಿಲು ತೆರೆಯಿತು. ರೋಹಿಣಿ ಬಂದಳು, ಕೂದಲಲ್ಲಿ ಬಿಳಿ ಇಣುಕಿತ್ತು. ಅವಳ ತೋಳು ಹಿಡಿದುಕೊಂಡು ಬನವ್ವ. ಅವರ ಮಾತಿನಿಂದ ನನಗೆ ತಿಳಿದದ್ದು ಇಷ್ಟು: ಈಗ ವಿಭಾಗ ರೋಹಿಣಿಯ ಕೈಯಲ್ಲಿದೆ. ಬನವ್ವನನ್ನು ಮರಳಿ ಕರೆಯಲು ಬೆಟಗೇರಿಗೆ ಹೋಗಿದ್ದಾಳೆ. ಆದರೆ ಬನವ್ವನಿಗೆ ಅರವತ್ತು ದಾಟಿದೆ, ನಿಯಮ ಒಪ್ಪುವುದಿಲ್ಲ. ಕೊಡಲು ಬೇರೇನೂ ಉಳಿಯದೆ, ಒಮ್ಮೆ ಬಂದು ನೋಡಿ ಹೋಗಿ ಎಂದು ಕರೆತಂದಿದ್ದಾಳೆ.

ರೋಹಿಣಿ ನನ್ನ ಧೂಳು ಒರೆಸಿ, ಬನವ್ವನಿಗೆ ಕುರ್ಚಿ ಹಾಕಿದಳು. ಮೊದಲಿನಿಂದ ಹೇಳಿದಳು. ನೀಲಿ ಮುಚ್ಚಳದ ಡಬ್ಬಿಯಲ್ಲಿ ಏನಿತ್ತು, ಕೆಂಪಿನದರಲ್ಲಿ ಏನಿತ್ತು, ಯಾತಕ್ಕೆ ಹಸಿದ ಇಲಿಯೇ ಬೇಕು, ಯಾವುದು ಎಲ್ಲಿ ನಿಂತು ಯೋಚಿಸುತ್ತದೆ, ಯಾವುದು ಮರೆಯುತ್ತದೆ. ಬನವ್ವ ನನ್ನ ಓಣಿಗಳಲ್ಲಿ ಬೆರಳು ಆಡಿಸುತ್ತ ಕೇಳಿದಳು. ನಡುವೆ ಎರಡು ಪ್ರಶ್ನೆ ಹಾಕಿದಳು, ಎರಡೂ ಚುರುಕಾದವು. ಎಲ್ಲ ತಿಳಿಯಿತು ಅವಳಿಗೆ.

ಕೊನೆಗೆ ರೋಹಿಣಿಯ ಮುಖ ನೋಡಿ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಲೆಂದೇ ಕೇಳಿದಳು.

"ಇಷ್ಟ ಇತ್ತೇನ್ರಿ ಅಕ್ಕಾರ? ಅರ್ಧಾ ತಾಸಿನ ಮಾತು?"